ಗಾಡಿಮನೆಗೆ ಎರಡು ಟಯರು

ಟಯರಿನ ಮೇಲಿನ ಗೆರೆಗಳು ಎಷ್ಟು ಆಳವೋ ಟಯರು ಅಷ್ಟು ಒಳ್ಳೆಯದು ಎಂದು ನಾನು ನಲವತ್ತೆರಡನೆಯ ವಯಸ್ಸಿನವರೆಗೂ ನಂಬಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಹಣೆಯ ಮೇಲಿನ ಗೆರೆ ನೋಡಿ ಮನುಷ್ಯನ ಬುದ್ಧಿಯನ್ನು ಅಳೆಯುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನಾನು ಟಯರನ್ನು ಅಳೆದೆ, ಅಷ್ಟೆ. ಮಂಗಳೂರಿನ ಬಲ್ಮಠದ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನು ನಾನು. ಚಕ್ರವನ್ನು ಮೊದಲು ಮಾಡಿದವನ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಒಂದು ಅಧ್ಯಾಯವೇ ಇದೆ. ಸವೆದುಹೋದ ಚಕ್ರದ ಜಾಗಕ್ಕೆ ಯಾವುದನ್ನು ಹಾಕಲಿ ಎಂದು ಮೊದಲು ತಲೆ ಕೆರೆದುಕೊಂಡವನ ಬಗ್ಗೆ ಒಂದು ಸಾಲೂ ಇಲ್ಲ. ಆದರೆ ಎರಡನೆಯವನ ಕಷ್ಟವೇ ದೊಡ್ಡದು. ಮೊದಲನೆಯವನಿಗೆ ಆರಿಸುವ ತಾಪತ್ರಯ ಇರಲಿಲ್ಲ.

ನನಗೆ ಕಾರಿಲ್ಲ, ಆಗಲೂ ಇರಲಿಲ್ಲ. ಕಾರಿಲ್ಲದವನಿಗೆ ಟಯರಿನ ಚಿಂತೆ ಯಾಕೆ ಬಂತು ಎಂದು ನೀವು ಕೇಳಿದರೆ ನಾನು ಒಂದು ಪುಸ್ತಕದ ಕಪಾಟಿನಿಂದ ಶುರುಮಾಡಬೇಕಾಗುತ್ತದೆ. ಐವತ್ತರ ದಶಕದ ಮಾತು. ಹೊಳೆಬದಿಯ ಹಂಚಿನ ಕಾರ್ಖಾನೆಯೊಂದರ ದೊರೆ ತನ್ನ ದೇಶಕ್ಕೆ ಹೊರಟು ನಿಂತಾಗ ಬಂಗಲೆಯ ಸಾಮಾನುಗಳನ್ನು ಏಲಂ ಹಾಕಿದರು. ನಾನು ಹೋದದ್ದು ತೇಗದ ಕಪಾಟಿನ ಆಸೆಗೆ. ಕಪಾಟೇನೋ ಇತ್ತು, ಚೆನ್ನಾಗಿಯೂ ಇತ್ತು. ಆದರೆ ಅದನ್ನು ಒಂದು ಗಾಡಿಯ ಒಳಗೋಡೆಗೆ ಸೇರಿಸಿ ಬಿಗಿದಿದ್ದರು. ಎರಡು ಚಕ್ರದ, ಕಾರಿನ ಹಿಂದೆ ಕಟ್ಟಿ ಎಳೆಯುವ, ಕಿಟಕಿ, ಬಾಗಿಲು, ಮಂಚ, ಸೀಮೆಎಣ್ಣೆ ಒಲೆ ಎಲ್ಲ ಇರುವ ಒಂದು ಪುಟ್ಟ ಮನೆ ಅದು. ದೊರೆ ರಜೆಯಲ್ಲಿ ಅದನ್ನು ಎಳೆದುಕೊಂಡು ಘಟ್ಟ ಹತ್ತಿ ಯಾವುದಾದರೂ ಮರದ ಕೆಳಗೆ ಬಿಡಾರ ಮಾಡುತ್ತಿದ್ದನಂತೆ. ಕಪಾಟು ಮಾತ್ರ ಕೊಡಿ ಎಂದರೆ ಏಲಂ ಕೂಗುವವನು ಕೇಳಲಿಲ್ಲ. ಆ ಗಾಡಿಗೆ ಬೇರೆ ಯಾರೂ ಬಾಯಿ ತೆರೆಯಲೂ ಇಲ್ಲ. ಹೀಗೆ ನಾನು ಒಂದು ಕಪಾಟನ್ನು ಅದರ ಮನೆಯ ಸಮೇತ ಕೊಂಡುಕೊಂಡೆ.

ಕದ್ರಿಯ ಇಳಿಜಾರಿನ ನಮ್ಮ ಮನೆಗೆ ಅದು ಬಂದದ್ದು ಎರಡು ಎತ್ತುಗಳ ಹಿಂದೆ. ಹೆಂಡತಿ ಸುಶೀಲ ಅಂಗಳಕ್ಕೆ ಬಂದು ಎತ್ತುಗಳನ್ನು ನೋಡಿದಳು, ಗಾಡಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

“ಕಪಾಟು ಎಲ್ಲಿ?”

“ಒಳಗೆ ಉಂಟು,” ಎಂದೆ.

ಅವಳು ಎತ್ತುಗಳಿಗೆ ಮಾತ್ರ ನೀರು ತಂದಿಟ್ಟು ಒಳಗೆ ಹೋದಳು.

ಎರಡು ವರ್ಷ ಆ ಗಾಡಿಮನೆ ಹಲಸಿನ ಮರದ ಪಕ್ಕದಲ್ಲಿ ನಿಂತಿತು. ನಾನು ಅದರೊಳಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅದರ ತಗಡಿನ ಮಾಡು ಹಪ್ಪಳ ಒಣಗಿಸಲು ಬಹಳ ಒಳ್ಳೆಯದೆಂದು ದೊಡ್ಡಮ್ಮ ಕಂಡುಹಿಡಿದರು. ನನಗೆ ಆರು ವರ್ಷವಾದಾಗ ತಾಯಿ ತೀರಿಕೊಂಡಳು. ಅಂದಿನಿಂದ ನನ್ನನ್ನು ಸಾಕಿದವರು ತಾಯಿಯ ಅಕ್ಕನಾದ ಈ ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ. ಇದ್ದ ಗದ್ದೆಯನ್ನು ಮಾರಿ ನನ್ನನ್ನು ಓದಿಸಿ, ಆಮೇಲೆ ನನ್ನ ಜೊತೆಗೇ ಪೇಟೆಗೆ ಬಂದರು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದಂದಿನಿಂದ ಅವರ ಬಲಗಾಲಿನ ಮೊಣಗಂಟು ಮಡಚುತ್ತಿರಲಿಲ್ಲ. ಕೂತರೆ ಕಾಲು ಮುಂದಕ್ಕೆ ಚಾಚಿಯೇ ಇರಬೇಕು. ಆ ಕಾಲನ್ನು ದಾಟಿಕೊಂಡು ಓಡಾಡುವುದು ನಮಗೆಲ್ಲ ಅಭ್ಯಾಸವಾಗಿಹೋಗಿತ್ತು.

ದೊಡ್ಡಮ್ಮನ ತಂಗಿ, ಎಂದರೆ ನನ್ನ ಚಿಕ್ಕಮ್ಮ, ಇದ್ದದ್ದು ಮಡಿಕೇರಿಯಲ್ಲಿ, ಮಗನ ಮನೆಯಲ್ಲಿ. ಅಕ್ಕತಂಗಿ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಇಬ್ಬರಿಗೂ ಬರೆಯಲು ಬಾರದು. ಇಲ್ಲಿ ದೊಡ್ಡಮ್ಮ ಹೇಳಿದ್ದನ್ನು ನಾನು ಬರೆಯುತ್ತಿದ್ದೆ, ಅಲ್ಲಿ ಚಿಕ್ಕಮ್ಮನ ಮಗ ಓದಿ ಹೇಳುತ್ತಿದ್ದ. ಮನೆಯಲ್ಲಿ ನಾವು ಆಡುವುದು ತುಳು, ಕಾಗದದಲ್ಲಿ ಬರುವುದು ಕನ್ನಡ. ಈ ಎರಡು ಭಾಷೆಗಳ ಮಧ್ಯೆ ಅವರ ಎಷ್ಟು ಮಾತು ಸೋರಿಹೋಯಿತೋ ಗೊತ್ತಿಲ್ಲ. ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಕಾಗದ ಬಂತು. ಅದರಲ್ಲಿ ಸೋರಿದ್ದು ಏನೂ ಇರಲಿಲ್ಲ. “ಅಕ್ಕನಿಗೆ ಹೇಳು, ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮನೆಯ ಮೆಟ್ಟಿಲು ಇಳಿಯಲು ಧೈರ್ಯವಿಲ್ಲ. ಆಪರೇಶನ್ ಮಾಡಿಸು ಎನ್ನುತ್ತಾನೆ ಮಗ, ನನಗೆ ಹೆದರಿಕೆ. ಮುಖದ ಗುರುತು ಸಿಕ್ಕುತ್ತಿರುವಾಗಲೇ ಒಮ್ಮೆ ಬಂದು ಹೋಗಲಿ.”

ನಾನು ಓದಿ ಮುಗಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯಲ್ಲಿದ್ದ ಅವರ ಒಳ್ಳೆಯ ಸೀರೆ ಒಗೆದು ಹಗ್ಗದ ಮೇಲೆ ಒಣಗುತ್ತಿತ್ತು.

ಹೋಗುವುದು ಹೇಗೆ? ಎಂಟು ಗಂಟೆ ಹಿಡಿಯುವ ಬಸ್ಸಿನಲ್ಲಿ ಆ ಕಾಲನ್ನು ಎಲ್ಲಿಡುವುದು? ಹಿಂದೊಮ್ಮೆ ಬಾಡಿಗೆ ಕಾರಿನಲ್ಲಿ ಬಂಟ್ವಾಳಕ್ಕೆ ಹೋಗಿಬಂದು ಎರಡು ದಿನ ಏಳಲಾಗದೆ ಮಲಗಿದ್ದರು. ನಾನು ಹೀಗೆಲ್ಲ ಲೆಕ್ಕ ಹಾಕುತ್ತಿರುವಾಗ ದೊಡ್ಡಮ್ಮ ಊರುಗೋಲು ಹಿಡಿದು ಅಂಗಳಕ್ಕಿಳಿದು ಗಾಡಿಮನೆಯ ಬಾಗಿಲು ತೆರೆದು ಒಳಗಿನ ಮಂಚವನ್ನು ನೋಡಿದರು.

“ಇದು ಓಡುವುದಿಲ್ಲವಾ?” ಎಂದು ಕೇಳಿದರು.

ಓಡುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಶೀಲಳ ತಮ್ಮ ಜಯರಾಮನಲ್ಲಿ ಒಂದು ಜೀಪಿತ್ತು. ಮಿಲಿಟರಿಯವರು ಮಾರಿದ್ದು. ಮರದ ವ್ಯಾಪಾರಕ್ಕೆಂದು ಅದರಲ್ಲಿ ಅವನು ಘಟ್ಟವನ್ನೆಲ್ಲ ಸುತ್ತುತ್ತಿದ್ದ. ಕೇಳಿದ ಕೂಡಲೇ ಒಪ್ಪಿದ. ಗಾಡಿಯನ್ನು ಸುತ್ತು ಬಂದು ನೋಡಿ, “ಭಾವ, ಎಲ್ಲ ಸರಿ ಉಂಟು. ಟಯರು ಮಾತ್ರ ಇಲ್ಲ ಅಂತಲೇ ತಿಳ್ಕೊಳ್ಳಿ,” ಎಂದ. ಎರಡು ವರ್ಷ ನಿಂತಲ್ಲೇ ನಿಂತು ಒಂದು ಟಯರು ಚಪ್ಪಟೆಯಾಗಿ ನೆಲಕ್ಕೆ ಅಂಟಿತ್ತು. ಇನ್ನೊಂದರಲ್ಲಿ ಇರುವೆಗಳು ಸಂಸಾರ ಹೂಡಿದ್ದವು.

ಟಯರು ಬೇಕು ಎಂದು ಒಮ್ಮೆ ಬಾಯಿಬಿಟ್ಟು ನೋಡಿ, ಊರಿನಲ್ಲಿ ಎಷ್ಟು ಪಂಡಿತರಿದ್ದಾರೆಂದು ಗೊತ್ತಾಗುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ವಾರ ಬೇರೆ ಸುದ್ದಿಯೇ ಇರಲಿಲ್ಲ. ಎಳೆಯುವ ಚಕ್ರಕ್ಕೆ ತಾನೇ ಕಷ್ಟ, ಹಿಂದೆ ಹೋಗುವ ಚಕ್ರಕ್ಕೆ ಯಾವ ಟಯರಾದರೂ ನಡೆಯುತ್ತದೆ ಎಂದರು ಭೌತಶಾಸ್ತ್ರದವರು. ಹಾಗಲ್ಲ, ಎಳೆಸಿಕೊಳ್ಳುವವನಿಗೇ ತಿರುವಿನಲ್ಲಿ ಪೆಟ್ಟು ಹೆಚ್ಚು ಎಂದರು ಗಣಿತದವರು. ಸಂಸ್ಕೃತದವರು ಟಯರಿಗೆ ಒಂದು ಒಳ್ಳೆಯ ಕನ್ನಡ ಶಬ್ದ ಹುಡುಕುವ ಕೆಲಸ ವಹಿಸಿಕೊಂಡರು. ಇಂದಿಗೂ ಹುಡುಕುತ್ತಿದ್ದಾರೆ.

ಬಂದರಿನಲ್ಲಿ ಇದ್ದಿನಬ್ಬ ಬ್ಯಾರಿಗಳ ಟಯರಂಗಡಿ ಇತ್ತು. ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ತಲೆಗೆ ಬಿಳಿ ಟೊಪ್ಪಿ, ಮೊಣಕೈವರೆಗೆ ಮಡಚಿದ ಅಂಗಿ. ಅವರ ತಂದೆಯ ಕಾಲದಲ್ಲಿ ಅಲ್ಲಿ ಮಾರುತ್ತಿದ್ದದ್ದು ಹಗ್ಗ ಮತ್ತು ಹಾಯಿಬಟ್ಟೆ. ಲಾರಿಗಳು ಬಂದಮೇಲೆ ಮಗ ಟಯರಿಗೆ ತಿರುಗಿದ್ದರು. ನಾನು ಅಳತೆ ಬರೆದುಕೊಂಡು ಹೋದ ಚೀಟಿಯನ್ನು ಓದಿ ಹಿಂದಕ್ಕೆ ಕೊಟ್ಟರು.

“ಹದಿನೇಳು ಇಂಚಿನ ಚಕ್ರ ಇದು. ಹಳೇ ವಿಲಾಯತಿ ಕಾರಿನದ್ದು. ಇದಕ್ಕೆ ಟಯರು ಈಗ ಇಲ್ಲ ಮಾಸ್ಟ್ರೇ. ನನ್ನಲ್ಲೂ ಇಲ್ಲ, ಮದ್ರಾಸಿನಲ್ಲೂ ಸಿಕ್ಕಲಿಕ್ಕಿಲ್ಲ. ಚಕ್ರವನ್ನೇ ಬದಲಿಸಿ.”

“ನಾನು ಕೇಳಿದ್ದು ಟಯರು ಸಾಹೇಬ್ರೇ.”

“ಗೊತ್ತಾಯ್ತು. ಎಳೀಲಿಕ್ಕೆ ಎಂತ ಉಂಟು?”

“ಜೀಪು.”

“ಹಾಗಾದರೆ ಜೀಪಿನ ಚಕ್ರವನ್ನೇ ಗಾಡಿಗೂ ಕೂರಿಸಿ. ಆರೂ ಚಕ್ರ ಒಂದೇ ಅಳತೆ ಆಗ್ತದೆ. ದಾರಿಯಲ್ಲಿ ಯಾವುದು ಹೋದರೂ ಜೀಪಿನ ಸ್ಟೆಪ್ನಿ ತೆಗೆದು ಹಾಕಬಹುದು.” ಆಮೇಲೆ ಸ್ವಲ್ಪ ತಡೆದು ಕೇಳಿದರು: “ಗಾಡಿಯಲ್ಲಿ ಎಂತ ಹಾಕ್ತೀರಿ?”

ದೊಡ್ಡಮ್ಮನನ್ನು ಎಂದು ಹೇಳಲು ನಾಲಿಗೆ ಏಳಲಿಲ್ಲ. ಒಂದು ಅಂಗಡಿಯಲ್ಲಿ ನಿಂತು, ನನ್ನನ್ನು ಸಾಕಿದ ಮುದುಕಿಯನ್ನು ಈ ಡಬ್ಬಿಯಲ್ಲಿ ಮಲಗಿಸಿ ಘಟ್ಟ ಹತ್ತಿಸುತ್ತೇನೆ ಎನ್ನುವುದು ಹೇಗೆ?

“ಸಾಮಾನು,” ಎಂದೆ.

ಅಂಗಡಿಯಿಂದ ಹೊರಗೆ ಬರುತ್ತಾ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಟಯರು ಕೇಳಿದವನಿಗೆ ಚಕ್ರವನ್ನೂ ಮಾರುವ ಉಪಾಯ ಇದು ಎಂದುಕೊಂಡೆ. ಬುದ್ಧಿವಂತನಾದ ಮೇಷ್ಟರಿಗೆ ವ್ಯಾಪಾರಿ ಹೇಳಿದ್ದೆಲ್ಲ ಉಪಾಯವಾಗಿಯೇ ಕಾಣುತ್ತದೆ. ಅದೇ ಬೀದಿಯ ಕೊನೆಗೆ ಒಂದು ಗುಜರಿ ಅಂಗಡಿ. ಹಡಗಿನ ಸರಪಳಿ, ಒಡೆದ ಲಂಗರು, ಹಳೆಯ ದೀಪಗಳ ರಾಶಿಯ ಹಿಂದೆ ಎರಡು ಟಯರುಗಳು ಗೋಡೆಗೆ ಒರಗಿ ನಿಂತಿದ್ದವು. ಕರಿ ದ್ರಾಕ್ಷಿಯಂತೆ ಮಿನುಗುತ್ತಿದ್ದವು. ಬಗ್ಗಿ ನೋಡಿದೆ: ಹದಿನೇಳು ಇಂಚು. ಇವು ಓಡಿಯೇ ಇಲ್ಲ, ಯುದ್ಧದ ಕಾಲದಲ್ಲಿ ಬಂದು ಗೋದಾಮಿನಲ್ಲೇ ಉಳಿದವು ಎಂದ ಅಂಗಡಿಯವನು. ನಾನು ಜೇಬಿನಿಂದ ಪೆನ್ನು ತೆಗೆದು ಗೆರೆಯೊಳಗೆ ಇಳಿಸಿದೆ. ಪೆನ್ನಿನ ಮುಚ್ಚಳದ ಕಾಲುಭಾಗ ಮುಳುಗಿತು. ನನಗೆ ಇನ್ನೇನು ಬೇಕು? ಮದ್ರಾಸಿನಲ್ಲೂ ಸಿಕ್ಕದ್ದು ನನಗೆ ನೂರು ಹೆಜ್ಜೆ ದೂರದಲ್ಲಿ ಸಿಕ್ಕಿತ್ತು. ರಿಕ್ಷಾದಲ್ಲಿ ಟಯರುಗಳನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಇದ್ದಿನಬ್ಬರ ಅಂಗಡಿಯ ಮುಂದಿನಿಂದಲೇ ಹೋದೆ. ಬೇರೆ ದಾರಿ ಇತ್ತು.

ಶನಿವಾರ ಮಧ್ಯಾಹ್ನ ಪರೀಕ್ಷೆಯ ಓಟ. ದೊಡ್ಡಮ್ಮನನ್ನು ಮೊದಲೇ ಕೂರಿಸುವುದು ಬೇಡ, ಅಷ್ಟೇ ಭಾರ ಹಾಕಿ ನೋಡುವಾ ಎಂದ ಜಯರಾಮ. ಅಕ್ಕಿಮುಡಿ ಇಡೋಣವೆಂದರೆ ಮನೆಯಲ್ಲಿ ಇದ್ದದ್ದು ಅರ್ಧ ಮುಡಿ. ಕೊನೆಗೆ ಸುಶೀಲ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀವೇ ಮಲಗಿ, ಹೆಚ್ಚುಕಡಿಮೆ ಒಂದೇ ತೂಕ,” ಎಂದಳು. ಹಾಗಾಗಿ ನಾನು ದೊಡ್ಡಮ್ಮನ ಸ್ಥಾನದಲ್ಲಿ, ದೊಡ್ಡಮ್ಮನ ಹಾಸಿಗೆಯ ಮೇಲೆ, ಬಲಗಾಲನ್ನು ಮಡಚದೆ ಮಲಗಿದೆ. ಕಪಾಟಿನ ತುಂಬ ನನ್ನ ಪುಸ್ತಕಗಳು. ಜೀಪು ಹೊರಟಿತು. ಕದ್ರಿಯ ಇಳಿಜಾರು ಇಳಿಯುವಾಗ ಕಿಟಕಿಯಲ್ಲಿ ತೆಂಗಿನ ಮರದ ತುದಿಗಳು ಹಿಂದಕ್ಕೆ ಹೋಗುವುದನ್ನು ನೋಡುತ್ತಾ ಇದೇ ಸುಖ, ದೊರೆಗಳು ಸುಮ್ಮನೆ ಇದನ್ನು ಮಾಡಿಕೊಂಡಿರಲಿಲ್ಲ ಎಂದುಕೊಂಡೆ.

ಬಲ್ಮಠದಲ್ಲಿ, ಸರಿಯಾಗಿ ನನ್ನ ಕಾಲೇಜಿನ ಗೇಟಿನ ಹತ್ತಿರ, ಎಡಗಡೆಯ ಟಯರು ಒಡೆಯಿತು. ಗರ್ನಾಲು ಸಿಡಿದಂಥ ಶಬ್ದ. ಗಾಡಿ ಎಡಕ್ಕೆ ಕುಸಿಯಿತು. ಕಪಾಟಿನ ಎರಡು ಸಾಲು ಪುಸ್ತಕ ನನ್ನ ಎದೆಯ ಮೇಲೆ ಬಿತ್ತು. ಜಯರಾಮ ನಿಧಾನವಾಗಿಯೇ ಹೋಗುತ್ತಿದ್ದುದರಿಂದ ಅಷ್ಟಕ್ಕೆ ಮುಗಿಯಿತು. ಬಾಗಿಲು ತೆರೆದು ಇಳಿದರೆ ಎದುರಿಗೆ ನನ್ನ ಬಿ.ಎ. ತರಗತಿ ಅರ್ಧಕ್ಕರ್ಧ ನಿಂತಿದೆ.

“ಎಂತ ಆಯ್ತು ಸರ್?” ಎಂದು ಒಬ್ಬ ಕೇಳಿದ.

“ಪರೀಕ್ಷೆ ಮಾಡ್ತಾ ಇದ್ದೆವು,” ಎಂದೆ.

“ಪಾಸಾ ಸರ್?”

ಅವನ ಮುಖದಲ್ಲಿ ನಿಜವಾದ ಕಳಕಳಿ ಇತ್ತು. ಅದಕ್ಕೇ ಸಿಟ್ಟು ಮಾಡಲಾಗಲಿಲ್ಲ.

ಆ ಹೊತ್ತಿಗೆ ನನಗೂ ನಗು ಬಂತು. ಆದರೆ ಮನೆಗೆ ಹಿಂದಿರುಗುವ ದಾರಿಯಲ್ಲಿ ಅದು ಉಳಿಯಲಿಲ್ಲ. ಇದೇ ಶಬ್ದ ಸಂಪಾಜೆ ಘಾಟಿಯ ತಿರುವಿನಲ್ಲಿ, ಒಂದು ಬದಿಗೆ ಕಮರಿ ಇರುವಲ್ಲಿ, ದೊಡ್ಡಮ್ಮ ಒಳಗೆ ಮಲಗಿರುವಾಗ ಕೇಳಿದ್ದರೆ? ಕಾಲು ಮಡಚಲಾಗದವರು ಹೇಗೆ ಏಳುತ್ತಿದ್ದರು? ಅಂಗಳದಲ್ಲಿ ದೊಡ್ಡಮ್ಮ ನಿಂತು ಕಾಯುತ್ತಿದ್ದರು. ವಿಷಯ ಕೇಳಿ, “ನಿನಗೆ ಪೆಟ್ಟಾಗಲಿಲ್ಲವಲ್ಲ, ಸಾಕು. ಅವಳಿಗೆ ಒಂದು ಕಾಗದ ಬರೆ, ನನಗೆ ಬರಲಿಕ್ಕಾಗುವುದಿಲ್ಲ ಅಂತ,” ಎಂದರು. ನಾನು ಆ ಕಾಗದವನ್ನು ಬರೆಯಲಿಲ್ಲ. ಬರೆದೆ ಎಂದು ಸುಳ್ಳೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಒಡೆದ ಟಯರನ್ನೂ ಒಡೆಯದ ಟಯರನ್ನೂ ರಿಕ್ಷಾಕ್ಕೆ ಹಾಕಿಕೊಂಡು ಬಂದರಿಗೆ ಹೋದೆ.

ಇದ್ದಿನಬ್ಬರು “ನಾನು ಮೊದಲೇ ಹೇಳಿದ್ದೆ” ಎನ್ನಲಿಲ್ಲ. ಅಂಥ ಮಾತು ಹೇಳದಿರುವ ಮನುಷ್ಯರು ಬಹಳ ಕಡಿಮೆ. ನಾನಂತೂ ತರಗತಿಯಲ್ಲಿ ದಿನಕ್ಕೆ ಮೂರು ಸಲ ಹೇಳುತ್ತೇನೆ. ಅವರು ಒಡೆಯದ ಟಯರನ್ನು ಬೆಳಕಿಗೆ ತಂದು, ಅದರ ಗೆರೆಗಳ ಕಡೆ ನೋಡದೆ, ಪಕ್ಕದ ಮೈಯನ್ನು ಎರಡು ಕೈಗಳಿಂದ ಒತ್ತಿ ಮಡಚಿದರು. ಹೊಳೆಯುವ ಕರಿ ಬಣ್ಣ ಪುಡಿಪುಡಿಯಾಗಿ ಉದುರಿತು. ಒಳಗೆ ಬೇಸಗೆಯ ಗದ್ದೆಯಂಥ ಬಿರುಕುಗಳು.

“ಪಾಲಿಶು ಹಾಕಿದ್ದು,” ಎಂದರು. “ಓಡದೆ ನಿಂತ ಟಯರು ಇದು. ಗೆರೆ ಎಲ್ಲಿಂದ ಸವೀತದೆ? ರಬ್ಬರಿಗೆ ಮಾತ್ರ ಪ್ರಾಯ ಆಗ್ತಾ ಇರ್ತದೆ. ಕೊಳ್ಳುವವರು ಗೆರೆ ನೋಡ್ತಾರೆ, ಮೈ ನೋಡುವುದಿಲ್ಲ.” ಒಡೆದದ್ದನ್ನು ತಿರುಗಿಸಿ ನೋಡಿದರು. “ಒಡೆಯುವಾಗ ಯಾರಾದರೂ ಒಳಗೆ ಇದ್ದರಾ?”

“ನಾನಿದ್ದೆ.”

“ನೀವು ಸಾಮಾನು ಅಂತ ಹೇಳಿದ್ದಲ್ಲವಾ?”

ಆಗ ನಾನು ಎಲ್ಲವನ್ನೂ ಹೇಳಿದೆ: ದೊಡ್ಡಮ್ಮ, ಅವರ ಕಾಲು, ಚಿಕ್ಕಮ್ಮನ ಕಣ್ಣು, ಕಾಗದ. ಇದ್ದಿನಬ್ಬರು ಟಯರನ್ನು ನೆಲಕ್ಕೆ ಹಾಕಿ ಸ್ಟೂಲಿನ ಮೇಲೆ ಕೂತರು. ಮಾತಾಡಿದಾಗ ದನಿಯಲ್ಲಿ ಸಿಟ್ಟಿತ್ತು.

“ಮಾಸ್ಟ್ರೇ, ಸಾಮಾನು ಅಂದರೆ ನಾನು ಸಾಮಾನಿಗೆ ಆಗುವ ಟಯರು ಕೊಡ್ತೇನೆ. ಮನುಷ್ಯರು ಅಂದರೆ ಬೇರೆಯೇ ನೋಡ್ತೇನೆ. ನೀವು ಸುಳ್ಳು ಹೇಳಿದರೆ ನನಗೆ ಗೊತ್ತಾಗುವುದು ಹೇಗೆ?”

ಅವರು ಟೊಪ್ಪಿ ಸರಿಮಾಡಿಕೊಂಡು, “ನಾಳೆ ಬಂದು ಗಾಡಿಯನ್ನು ಒಮ್ಮೆ ನೋಡ್ತೇನೆ,” ಎಂದರು.

ಬಂದರು. ಗಾಡಿಯ ಹೊರಗೆ ಕಳೆದದ್ದಕ್ಕಿಂತ ಒಳಗೆ ಹೆಚ್ಚು ಹೊತ್ತು ಕಳೆದರು. ಮಂಚದ ಮೇಲೆ ತಾವೇ ಒಮ್ಮೆ ಮಲಗಿ ಎದ್ದರು. ಆಮೇಲೆ ನನ್ನ ಕಪಾಟಿನ ಮುಂದೆ ನಿಂತರು.

“ಇದು ಯಾವಾಗಲೂ ಎಡಗಡೆಯೇ ಇರುವುದಾ?”

“ಗೋಡೆಗೆ ಬಿಗಿದಿದ್ದಾರೆ.”

“ಒಡೆದದ್ದೂ ಎಡಗಡೆಯದ್ದೇ. ಪುಸ್ತಕ ಎಲ್ಲ ತೆಗೀಬೇಕು ಮಾಸ್ಟ್ರೇ. ಒಂದು ಬದಿಗೆ ಇಷ್ಟು ಭಾರ ಆಗುವುದಿಲ್ಲ.”

ಸಾಮ್ರಾಜ್ಯಗಳು ಯಾಕೆ ಕುಸಿದವು ಎಂದು ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ, ಆ ಸಾಮ್ರಾಜ್ಯಗಳ ಸಂಪುಟಗಳೆಲ್ಲ ಸೇರಿ ನನ್ನ ಗಾಡಿಯ ಎಡಭಾಗವನ್ನು ಕುಸಿಯುವಂತೆ ಮಾಡಿವೆ ಎಂದು ಹೊಳೆದಿರಲಿಲ್ಲ. ಸುಶೀಲ ಅಂದೇ ಸಂಜೆ ಪುಸ್ತಕಗಳನ್ನು ಚಾವಡಿಗೆ ಸಾಗಿಸಿದಳು, ಒಂದು ಹಾಡು ಗುನುಗುತ್ತಾ.

ದೊಡ್ಡಮ್ಮ ಇದ್ದಿನಬ್ಬರಿಗೆ ಬೆಲ್ಲ, ನೀರು ಕೊಟ್ಟು ಜಗಲಿಯಲ್ಲಿ ಕೂರಿಸಿದರು. ಇಬ್ಬರೂ ತುಳುವಿನಲ್ಲಿ ಮಾತಿಗೆ ತೊಡಗಿದರು. ಹೊಳೆಯಾಚೆ ಉಳ್ಳಾಲದಲ್ಲಿ ಇದ್ದಿನಬ್ಬರ ತಾಯಿ ಇದ್ದಾರೆ, ಪ್ರತಿ ಶುಕ್ರವಾರ ದೋಣಿಯಲ್ಲಿ ದಾಟಿ ಹೋಗುತ್ತಾರೆ ಎಂದು ಗೊತ್ತಾಯಿತು. ಹೋದಾಗಲೆಲ್ಲ ತಾಯಿ ಮೊದಲು ಕೇಳುವುದು ದೋಣಿಯಲ್ಲಿ ನೀರು ಬಂತಾ ಎಂದು. ಮಗನಿಗೆ ಐವತ್ತೆರಡು ವರ್ಷ, ಈಜೂ ಬರುತ್ತದೆ ಎನ್ನುವುದು ಅವರಿಗೆ ಲೆಕ್ಕಕ್ಕಿಲ್ಲ. “ಕೇಳಬೇಕಲ್ಲ,” ಎಂದರು ದೊಡ್ಡಮ್ಮ. ಇದ್ದಿನಬ್ಬರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ಚಕ್ರ ಬದಲಿಸಲು ವರ್ಕ್‌ಶಾಪಿನವರಿಗೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಇದ್ದಿನಬ್ಬರು ತಮ್ಮ ವ್ಯಾನಿನಲ್ಲಿ ಜೀಪಿನ ಅಳತೆಯ ಎರಡು ಜೊತೆ ಟಯರು ತಂದರು. ಒಂದು ಜೊತೆ ಹೊಚ್ಚ ಹೊಸದು, ಆಗಷ್ಟೇ ಕಾಗದ ಬಿಚ್ಚಿದ್ದು. ಇನ್ನೊಂದು ಅವರ ವ್ಯಾನಿನಲ್ಲೇ ಓಡುತ್ತಿದ್ದದ್ದು; ಗೆರೆಗಳು ಸ್ವಲ್ಪ ಸವೆದಿದ್ದವು. ಇದರಲ್ಲಿ ಯೋಚಿಸುವುದೇನಿದೆ ಎಂದು ಜಯರಾಮ ಹೊಸದರ ಕಡೆ ಕೈ ಹಾಕಿದ.

“ಹೊಸತು ಒಳ್ಳೆಯದೇ,” ಎಂದರು ಇದ್ದಿನಬ್ಬರು. “ನೂರರಲ್ಲಿ ತೊಂಬತ್ತೊಂಬತ್ತು ಒಳ್ಳೆಯದೇ ಇರ್ತದೆ. ಆದರೆ ಇದರ ಗುಣ ನನಗೆ ಇನ್ನೂ ಗೊತ್ತಿಲ್ಲ. ಅದು ನನ್ನ ಕೈಕೆಳಗೆ ಆರು ತಿಂಗಳು ಓಡಿದೆ. ಘಾಟಿ ಹತ್ತಿದೆ, ಇಳಿದಿದೆ. ಅದರ ಗುಣ ನನಗೆ ಗೊತ್ತುಂಟು. ಅಮ್ಮ, ಮಲಗುವವರು ನೀವು. ಯಾವುದು ಹಾಕುವಾ?”

ಟಯರಿನ ವಿಷಯದಲ್ಲಿ ದೊಡ್ಡಮ್ಮನ ಅಭಿಪ್ರಾಯ ಕೇಳಬಹುದೆಂದು ಅಷ್ಟು ದಿನ ನಮಗೆ ಯಾರಿಗೂ ತೋಚಿರಲಿಲ್ಲ. ಅವರು ಊರುಗೋಲಿನಿಂದ ಎರಡನ್ನೂ ಒಮ್ಮೆ ತಟ್ಟಿ ನೋಡಿದರು.

“ದಾರಿ ಗೊತ್ತಿರುವುದನ್ನೇ ಹಾಕಿ,” ಎಂದರು.

ಹೊಸ ಜೊತೆ ಇದ್ದಿನಬ್ಬರ ವ್ಯಾನಿಗೆ ಹೋಯಿತು, ವ್ಯಾನಿನಲ್ಲಿ ಓಡಿದ ಜೊತೆ ನಮ್ಮ ಗಾಡಿಮನೆಗೆ ಬಂತು. ಹೊರಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದರು. ಗಾಳಿಯನ್ನು ಬೆಳಿಗ್ಗೆ, ಟಯರು ತಣ್ಣಗಿರುವಾಗಲೇ ನೋಡಬೇಕು. ನಿಲ್ಲಿಸಿದಲ್ಲೆಲ್ಲ ಅಂಗೈಯನ್ನು ಟಯರಿನ ಮೈಮೇಲೆ ಇಟ್ಟು ನೋಡಬೇಕು. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆರುವವರೆಗೆ ಮುಂದೆ ಹೋಗಬಾರದು. ಆ ಎರಡು ಮಾತನ್ನು ನಾನು ಕೈಗೆ ಸಿಕ್ಕಿದ ಒಂದು ಚರಿತ್ರೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡೆ. ಅಷ್ಟು ಉಪಯೋಗದ ಎರಡು ಸಾಲು ಆ ಪುಸ್ತಕದಲ್ಲಿ ಬೇರೆ ಇರಲಿಲ್ಲ.

ಬೆಳ್ಳಂಬೆಳಗ್ಗೆ ಹೊರಟೆವು. ಜೀಪಿನಲ್ಲಿ ಜಯರಾಮ ಮತ್ತು ನಾನು, ಗಾಡಿಮನೆಯಲ್ಲಿ ದೊಡ್ಡಮ್ಮ ಮತ್ತು ಸುಶೀಲ. ಏನಾದರೂ ಬೇಕಾದರೆ ಸುಶೀಲ ಕಿಟಕಿಯಿಂದ ಮೈಯೊರೆಸುವ ಬೈರಾಸು ಬೀಸಬೇಕು, ಜಯರಾಮ ಕನ್ನಡಿಯಲ್ಲಿ ನೋಡಿ ನಿಲ್ಲಿಸಬೇಕು ಎಂದು ಮಾತಾಗಿತ್ತು. ಪಾಣೆಮಂಗಳೂರಿನ ಸೇತುವೆ ದಾಟುವಾಗಲೇ ಬೈರಾಸು ಬೀಸಿತು. ಇಳಿದು ಓಡಿದೆ. ಹೊಳೆ ಇಷ್ಟು ಅಗಲ ಇದೆ ಎಂದು ಗೊತ್ತಿರಲಿಲ್ಲ, ಸ್ವಲ್ಪ ನೋಡಬೇಕು ಎಂದರು ದೊಡ್ಡಮ್ಮ. ಪುತ್ತೂರಿನಲ್ಲಿ ನೆಂಟರ ಮನೆಯ ಗೇಟು ನೋಡಲು ನಿಲ್ಲಿಸಿದೆವು. ಒಳಗೆ ಹೋಗಲು ಅಲ್ಲ, ಗೇಟು ನೋಡಲು ಮಾತ್ರ. ನಿಂತಲ್ಲೆಲ್ಲ ನಾನು ಇಳಿದು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಎರಡೂ ಟಯರುಗಳನ್ನು ಮುಟ್ಟುತ್ತಿದ್ದೆ. ಸುಳ್ಯ ದಾಟಿದೆವು. ಸಂಪಾಜೆಯಲ್ಲಿ ಏರು ಶುರುವಾಯಿತು. ಜಯರಾಮ ಸಣ್ಣ ಗೇರಿನಲ್ಲಿ ಹತ್ತಿಸಿದ. ಪ್ರತಿ ತಿರುವಿನಲ್ಲೂ ಹಿಂದೆ ತಿರುಗಿ ನೋಡುತ್ತಿದ್ದೆ. ಗಾಡಿಮನೆ ಒಳ್ಳೆಯ ಹಸುವಿನಂತೆ ಹಿಂದೆಯೇ ಬರುತ್ತಿತ್ತು. ಘಾಟಿಯ ಮಧ್ಯದಲ್ಲಿ ಟಯರು ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೆ. ಒಳಗೆ ಇಣುಕಿದೆ. ಕಾಲು ಚಾಚಿ ಮಲಗಿದ್ದ ದೊಡ್ಡಮ್ಮ ನಿದ್ದೆ ಮಾಡುತ್ತಿದ್ದರು. ಭಯವೆಲ್ಲ ನನ್ನೊಬ್ಬನದ್ದೇ ಆಗಿತ್ತು.

ಮಡಿಕೇರಿಯಲ್ಲಿ ಚಿಕ್ಕಮ್ಮನ ಮನೆಯ ಮುಂದೆ ಜೀಪು ನಿಂತಾಗ ನಾವು ಯಾರೂ ಯೋಚಿಸದ ಒಂದು ಸಂಗತಿ ಎದುರಾಯಿತು. ಮನೆ ಗುಡ್ಡದ ಮೇಲೆ. ರಸ್ತೆಯಿಂದ ನಲವತ್ತು ಮೆಟ್ಟಿಲು. ಮಡಿಕೇರಿಯಲ್ಲಿ ಮನೆಗಳು ಇರುವುದೇ ಹಾಗೆ. ದೊಡ್ಡಮ್ಮ ಬಾಗಿಲಲ್ಲಿ ನಿಂತು ಆ ಮೆಟ್ಟಿಲುಗಳನ್ನು ನೋಡಿದರು. ಎಂಬತ್ತೈದು ಮೈಲು ಬಂದು ನಲವತ್ತು ಮೆಟ್ಟಿಲಿಗೆ ಸೋತೆವಲ್ಲ ಎಂದು ನನಗೆ ಅಳು ಬರುವಂತಾಯಿತು. ಎತ್ತಿಕೊಂಡು ಹೋಗುವಾ ಎಂದ ಜಯರಾಮ. ಅಷ್ಟರಲ್ಲಿ ಮೇಲೆ ಬಾಗಿಲು ತೆರೆಯಿತು. ಒಂದು ವರ್ಷದಿಂದ ಮನೆ ಬಿಟ್ಟು ಹೊರಗೆ ಬಾರದಿದ್ದ ಚಿಕ್ಕಮ್ಮ, ಮಗನ ಹೆಗಲಿನ ಮೇಲೆ ಒಂದು ಕೈ, ಗೋಡೆಯ ಮೇಲೆ ಒಂದು ಕೈ ಇಟ್ಟು, ಕಾಲಿನಿಂದ ತಡವಿ ತಡವಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ದೊಡ್ಡಮ್ಮ ಕೆಳಗಿನಿಂದ ಹೇಳುತ್ತಿದ್ದರು: “ನಿಧಾನ ಗಿರಿಜ. ನಿಧಾನ. ಅವಸರ ಇಲ್ಲ.”

ಗಾಡಿಮನೆಯೊಳಗೆ ಮಂಚದ ಮೇಲೆ ಇಬ್ಬರೂ ಕೂತರು.

“ಅಕ್ಕ, ಬೆಳಕಿಗೆ ತಿರುಗು,” ಎಂದರು ಚಿಕ್ಕಮ್ಮ.

ದೊಡ್ಡಮ್ಮ ಕಿಟಕಿಯ ಕಡೆ ಮುಖ ಮಾಡಿದರು. ಚಿಕ್ಕಮ್ಮ ತೀರ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು.

“ಮೂಗು ಗೊತ್ತಾಗ್ತದೆ. ಬೇರೆ ಎಲ್ಲ ಮಂಜು.”

“ಅದು ಅಪ್ಪನ ಮೂಗು. ಯಾವ ಮಂಜಿನಲ್ಲೂ ಗೊತ್ತಾಗ್ತದೆ,” ಎಂದರು ದೊಡ್ಡಮ್ಮ. ಹೇಳುತ್ತಾ ತಂಗಿಯ ಕೈಯನ್ನು ತೆಗೆದು ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡರು. ನಾನು ಹೊರಗೆ ಬಂದು, ಅಗತ್ಯವಿಲ್ಲದಿದ್ದರೂ, ಟಯರು ಮುಟ್ಟಿ ನೋಡಿದೆ.

ನಾಲ್ಕು ದಿನ ಅವರಿಬ್ಬರೂ ಆ ಗಾಡಿಯಿಂದ ಹೊರಗೆ ಬಂದದ್ದೇ ಕಡಿಮೆ. ಊಟ ಮೆಟ್ಟಿಲಿಳಿದು ಬರುತ್ತಿತ್ತು. ನಾವು ಮೇಲೆ ಮನೆಯಲ್ಲಿ ಮಲಗಿದರೆ ಅವರು ಕೆಳಗೆ ರಸ್ತೆಬದಿಯಲ್ಲಿ ಒಂದೇ ಕಂಬಳಿಯೊಳಗೆ ಹನ್ನೊಂದು ವರ್ಷದ ಬಾಕಿ ಮಾತು ತೀರಿಸಿದರು. ಐದನೆಯ ದಿನ ಹೊರಡುವ ಹೊತ್ತಿಗೆ ಚಿಕ್ಕಮ್ಮ ಗಾಡಿಯಿಂದ ಇಳಿಯಲೇ ಇಲ್ಲ. ಮಗ ಬಂದು ಕರೆದ.

“ನಾನು ಅಕ್ಕನ ಜೊತೆ ಹೋಗ್ತೇನೆ. ಅವಳು ಪಕ್ಕದಲ್ಲಿ ಕೂತಿದ್ದರೆ ಕಣ್ಣಿಗೆ ಏನು ಮಾಡಿದರೂ ಮಾಡಲಿ,” ಎಂದರು. ಮಗ ವರ್ಷವಿಡೀ ಹೇಳಿ ಸೋತ ಕೆಲಸ ನಾಲ್ಕು ದಿನದಲ್ಲಿ ಆಗಿತ್ತು. ಅವನು ಮೇಲೆ ಓಡಿ ಹೋಗಿ ಎರಡು ಸೀರೆ ಕಟ್ಟಿ ತಂದ.

ಮಂಗಳೂರಿನ ಕಣ್ಣಿನ ಡಾಕ್ಟರು ಒಂದಾದ ಮೇಲೆ ಒಂದರಂತೆ ಎರಡೂ ಕಣ್ಣಿನ ಪೊರೆ ತೆಗೆದರು. ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ದೊಡ್ಡಮ್ಮ ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಕೂತು ಕಾವಲು ಕಾದರು. ನರ್ಸುಗಳು ಆ ಕಾಲನ್ನು ದಾಟಿ ಓಡಾಡಲು ಕಲಿತರು. ಕೊನೆಗೆ ದಪ್ಪ ಗಾಜಿನ ಕನ್ನಡಕ ಬಂತು. ಚಿಕ್ಕಮ್ಮ ಅದನ್ನು ಹಾಕಿಕೊಂಡು ಮೊದಲು ತಿರುಗಿದ್ದು ಅಕ್ಕನ ಕಡೆಗೆ.

“ಅಕ್ಕ, ಇಷ್ಟು ಪ್ರಾಯ ಆಯ್ತಾ ನಿನಗೆ?”

“ನಿನ್ನ ಮುಖ ನೀನು ಇನ್ನೂ ನೋಡಿಕೊಳ್ಳಲಿಲ್ಲ,” ಎಂದರು ದೊಡ್ಡಮ್ಮ.

ಇಬ್ಬರೂ ನಗಲು ಶುರುಮಾಡಿದರು. ಕಣ್ಣಿಗೆ ಆಯಾಸವಾಗಬಾರದು ಎಂದು ಡಾಕ್ಟರು ಬಂದು ನಿಲ್ಲಿಸಬೇಕಾಯಿತು.

ಡಿಸೆಂಬರಿನಲ್ಲಿ ಚಿಕ್ಕಮ್ಮನನ್ನು ಮಡಿಕೇರಿಗೆ ಬಿಟ್ಟುಬರಲು ಹೊರಟೆವು. ಬಸ್ಸಿನಲ್ಲಿ ಹೋಗಬಹುದಿತ್ತು, ಅವರ ಕಾಲು ಚೆನ್ನಾಗಿಯೇ ಇತ್ತು. ಕೇಳಲಿಲ್ಲ. ಬರುವಾಗ ದಾರಿಯೇ ಕಾಣಲಿಲ್ಲ, ಈಗ ಪ್ರತಿಯೊಂದನ್ನೂ ನೋಡಬೇಕು ಎಂದರು. ಅಕ್ಕ ಜೊತೆಗೆ ಬರಬೇಕು ಎಂದೂ ಹೇಳಿದರು. ಬೆಳಿಗ್ಗೆ ತಣ್ಣನೆಯ ಟಯರಿಗೆ ಗಾಳಿ ನೋಡಿ ಹೊರಟೆವು. ಸೇತುವೆಯಲ್ಲಿ ನಿಂತೆವು, ಪುತ್ತೂರಿನ ಗೇಟಿನಲ್ಲಿ ನಿಂತೆವು, ಒಂದು ಕಡೆ ರಸ್ತೆ ದಾಟುತ್ತಿದ್ದ ಬಾತುಕೋಳಿಗಳು ಎಷ್ಟೆಂದು ಎಣಿಸಲು ನಿಂತೆವು, ಚಿಕ್ಕಮ್ಮ ಎಣಿಸಿದ್ದು ಸರಿಯೇ ಎಂದು ದೊಡ್ಡಮ್ಮ ಇನ್ನೊಮ್ಮೆ ಎಣಿಸುವವರೆಗೂ ನಿಂತೆವು. ಘಾಟಿಯಲ್ಲಿ ಒಂದು ತಿರುವನ್ನೂ ಬಿಡಲಿಲ್ಲ.

ಮಡಿಕೇರಿ ಮುಟ್ಟಲು ಆ ಸಲ ಎರಡು ದಿನ ಹಿಡಿಯಿತು. ಅದರಲ್ಲಿ ಟಯರಿನ ತಪ್ಪೇನೂ ಇಲ್ಲ.